ಕೊಲೆಗಾರ ಕೂತ ಸೋಫಾ

ಕೊಲೆಗಾರ ಬಂದು ಸೋಫಾದ ತುದಿಯಲ್ಲಿ ಕೂತ.

ದಬ್ಬಳದಕ್ಕ ಕಿರುಚಲಿಲ್ಲ. ಕಿರುಚುವ ಹಾಗೂ ಇರಲಿಲ್ಲ, ಬಾಯಿ ತುಂಬ ಮೊಳೆಗಳಿದ್ದವು. ಸೋಫಾ ರಿಪೇರಿಯವರು ಮೊಳೆಗಳನ್ನು ತುಟಿಯ ಸಂದಿಯಲ್ಲಿ ಹಿಡಿದುಕೊಂಡು ಒಂದೊಂದನ್ನೇ ತೆಗೆದು ಹೊಡೆಯುತ್ತಾರೆ. ಆ ಹೊತ್ತಿನಲ್ಲಿ ಆಕಾಶ ಕಳಚಿ ತಲೆಯ ಮೇಲೆ ಬಿದ್ದರೂ ಅವರ ಬಾಯಿಂದ ಒಂದು ಮಾತು ಹೊರಡುವುದಿಲ್ಲ. ಸುತ್ತಿಗೆ ಎತ್ತಿದ ಅವಳ ಎಡಗೈ ಎತ್ತಿದ ಹಾಗೇ ನಿಂತುಬಿಟ್ಟಿತು.

"ನೋಡಿ, ನೋಡಿ! ಕೊಂದವನು ಓಡಿಹೋಗೋದು ಬಿಟ್ಟು ಆರಾಮಾಗಿ ಕೂತ್ಕೊಂಡ!" ಅತ್ತಿಗೆ ಟೀವಿಯ ಕಡೆ ಕೈ ಚಾಚಿದಳು. "ನೆಂಟರ ಮನೆಗೆ ಬಂದಿದ್ದಾನೇನು ಇವನು?"

"ಸುಸ್ತಾಗಿರತ್ತೆ ಬಿಡಿ," ಎಂದ ಮೈದುನ. "ಟೆಂಪೋದಿಂದ ಒಂದು ಬೀರು ಎತ್ತಿ ಇಳಿಸಿದ್ರೆ ನನಗೇ ಕೂತ್ಕೋಬೇಕು ಅನ್ಸತ್ತೆ. ಇವನು ಆಳನ್ನೇ ಎತ್ತಿಬಿಟ್ಟಿದ್ದಾನೆ."

ಪರದೆಯ ಮೇಲೆ ಕೊಲೆಗಾರನ ಮುಖ ಕಾಣುತ್ತಿರಲಿಲ್ಲ. ಅಗಲ ಅಂಚಿನ ಟೋಪಿ, ಕಪ್ಪು ಕೋಟು, ಕೈಗೆ ಗವಸು. ಸೋಫಾದ ಒಂದು ತುದಿಯಲ್ಲಿ ಅವನು, ಇನ್ನೊಂದು ತುದಿಯಲ್ಲಿ ತಲೆ ವಾಲಿಸಿದ ಹೆಣ. ನಡುವೆ ಖಾಲಿ ಉಳಿದ ಒಂದು ಕುಶನ್. ಮನೆಮನೆಯಲ್ಲೂ ಜನ ಕೊಲೆಗಾರನನ್ನೋ ಹೆಣವನ್ನೋ ನೋಡುತ್ತಿದ್ದರೆ, ದಬ್ಬಳದಕ್ಕ ಮಾತ್ರ ಆ ಖಾಲಿ ಕುಶನ್ನನ್ನೇ ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದಳು.

ಹಸಿರು ಮಖಮಲ್ಲು. ಅಕ್ಕಪಕ್ಕದ ಎರಡು ಕುಶನ್‌ಗಳಿಗಿಂತ ನಡುವಿನದು ಒಂದು ಛಾಯೆ ಹೆಚ್ಚು ಗಾಢವಾಗಿತ್ತು.

ಅದು ಅವಳ ಸೋಫಾ. ಹೋದ ವಾರ ಬೀಗ ಒಡೆಯದೆ, ಷಟರ್ ಮುರಿಯದೆ, ಹಾಡಹಗಲಲ್ಲಿ ಇದೇ ಅಂಗಡಿಯಿಂದ ಮಾಯವಾದ ಸೋಫಾ.

ದಬ್ಬಳದಕ್ಕ ಒಂದೊಂದೇ ಮೊಳೆಯನ್ನು ಬಾಯಿಂದ ತೆಗೆದು ಅಂಗೈಗೆ ಹಾಕಿಕೊಂಡಳು. ಬಾಯಿ ಖಾಲಿಯಾದ ಮೇಲೂ ಅವಳು ಮಾತಾಡಲಿಲ್ಲ. ಅಂಗಡಿಯ ಬೀಗದ ಕೈ ಇರುವುದು ಅವಳನ್ನು ಬಿಟ್ಟರೆ ಮೂವರ ಹತ್ತಿರ, ಆ ಮೂವರೂ ಈಗ ಇದೇ ಕೋಣೆಯಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತಿದ್ದರು.

ಭಾನುವಾರ ಮಧ್ಯಾಹ್ನ ಷಟರ್ ಅರ್ಧ ಎಳೆದು, ರಿಪೇರಿಗೆ ಬಂದ ಕುರ್ಚಿ ಸೋಫಾಗಳ ಮೇಲೆ ಕೂತು ಆ ವಾರದ ಕೊಲೆಯನ್ನು ನೋಡುವುದು ಇಲ್ಲಿನ ರೂಢಿ. ಗಿರಾಕಿ ಯಾವ ಸೋಫಾ ತೆಗೆದುಕೊಂಡು ಹೋದ, ಯಾವುದನ್ನು ತಂದಿಟ್ಟ ಎಂಬುದರ ಮೇಲೆ ಪ್ರತಿವಾರ ಆಸನಗಳು ಬದಲಾಗುತ್ತಿದ್ದವು. ಈ ವಾರ ಅತ್ತಿಗೆಗೆ ಕ್ಷೌರದಂಗಡಿಯ ತಿರುಗುವ ಕುರ್ಚಿ ಸಿಕ್ಕಿತ್ತು. ಅವಳು ದಬ್ಬಳದಕ್ಕನ ಅಣ್ಣನ ಹೆಂಡತಿಯಾದರೂ ಬೀದಿಗೆಲ್ಲ ಅತ್ತಿಗೆಯೇ. ಸಿಟ್ಟು ಬಂದಾಗಲೆಲ್ಲ ಕುರ್ಚಿಯನ್ನು ಗರ್ರನೆ ಒಂದು ಸುತ್ತು ತಿರುಗಿಸುತ್ತಿದ್ದಳು. ಟೆಂಪೋ ಓಡಿಸುವ, ದಬ್ಬಳದಕ್ಕನ ಮೈದುನ ಯಾವುದೋ ಕಾರಿನಿಂದ ಕಳಚಿ ತಂದ ಹಿಂದಿನ ಸೀಟಿನಲ್ಲಿ ಕಾಲು ಮಡಚಿ ಕೂತಿದ್ದ. ದಂತವೈದ್ಯರ ಷಾಪಿನಿಂದ ಬಂದ ಬೆಂಚಿನ ಮೇಲೆ ಪಕ್ಕದ ಮನೆಯ ದಫೇದಾರರು. ಪೊಲೀಸ್ ಕೆಲಸದಿಂದ ನಿವೃತ್ತರಾದರೂ ಬೆನ್ನು ಮಾತ್ರ ಇನ್ನೂ ಕವಾಯತಿನಲ್ಲೇ ಇತ್ತು.

ತುರುಬಿಗೆ ಸದಾ ದಬ್ಬಳ ಸಿಕ್ಕಿಸಿಕೊಂಡಿರುವ ನಮ್ಮ ದಬ್ಬಳದಕ್ಕನಿಗೆ ಮಾತ್ರ ಆಸನವಿಲ್ಲ. ಅವಳು ಸೀರಿಯಲ್ ನೋಡುವುದೂ ಕೆಲಸ ಮಾಡುತ್ತಲೇ. ಅದೇ ಅವಳಿಗೆ ಕುತ್ತಾದದ್ದು.

ಮಖಮಲ್ಲಿನ ಎಳೆಗಳು ಒಂದೇ ದಿಕ್ಕಿಗೆ ಮಲಗಿರುತ್ತವೆ. ತಲೆಕೆಳಗು ಮಾಡಿ ಕತ್ತರಿಸಿದರೆ ಅದೇ ಬಟ್ಟೆ ಬೇರೆ ಬಣ್ಣದಂತೆ ಕಾಣುತ್ತದೆ. ಹೊಸದಾಗಿ ಕೆಲಸ ಕಲಿಯುವವರಿಗೂ ಗೊತ್ತಿರುವ ವಿಷಯ. ಆದರೆ ಕಳೆದ ಕಂತಿನಲ್ಲಿ ವಕೀಲ ಸುಳ್ಳು ಹೇಳಿದ್ದೇಕೆ ಎಂದು ಈ ಮೂವರೂ ಜಗಳಕ್ಕೆ ಬಿದ್ದಾಗ, ದಬ್ಬಳದಕ್ಕನ ಕಣ್ಣು ವಕೀಲನ ಮೇಲಿತ್ತು, ಕತ್ತರಿ ಬಟ್ಟೆಯ ಮೇಲಿತ್ತು. ಕುಶನ್ ತುಂಬಿಸಿ ಇಟ್ಟಾಗಲೇ ನಾಚಿಕೆಯಾದದ್ದು. ಮರುದಿನ ಬಿಚ್ಚಿ ಸರಿಮಾಡಿದರಾಯಿತೆಂದು ಅದರ ಹಿಂಬದಿಗೆ ಕೆಂಪು ದಾರದಲ್ಲಿ ಕಚ್ಚಾ ಹೊಲಿಗೆ ಹಾಕಿ ಗೋಡೆಯ ಕಡೆ ತಿರುಗಿಸಿಟ್ಟಳು. ಯಾರಿಗೂ ಹೇಳಲಿಲ್ಲ. ಮರುದಿನ ಸ್ಪಂಜು ತರಲು ಹೋಗಿ ಬರುವಷ್ಟರಲ್ಲಿ ಸೋಫಾವೇ ಇರಲಿಲ್ಲ.

ಅದು ಸಾಮಾನ್ಯ ಸೋಫಾ ಆಗಿದ್ದರೆ ಅವಳು ಇಷ್ಟು ಒದ್ದಾಡುತ್ತಿರಲಿಲ್ಲ. ಊರಿನ ಹಳೆಯ ಥಿಯೇಟರಿನ ಮ್ಯಾನೇಜರು ಅದನ್ನು ಪರೀಕ್ಷೆಗೆಂದು ಕೊಟ್ಟಿದ್ದರು. ಇದು ಚೆನ್ನಾಗಿ ಬಂದರೆ ಥಿಯೇಟರಿನ ಅಷ್ಟೂ ಕುರ್ಚಿಗಳ ಕೆಲಸ ನಿಮಗೇ ಎಂದಿದ್ದರು. ಚಿಕ್ಕಂದಿನಲ್ಲಿ ಅವಳೂ ತಂಗಿಯೂ ಅದೇ ಥಿಯೇಟರಿನ ಹರಿದ ಸೀಟಿನ ತೂತಿಗೆ ಬೆರಳು ತೂರಿಸುತ್ತ ಸಿನಿಮಾ ನೋಡಿದವರು. "ದೊಡ್ಡವರಾದ ಮೇಲೆ ಇದನ್ನೆಲ್ಲ ನಾವೇ ಹೊಲಿಯೋಣ ಕಣೇ," ಎಂದು ತಂಗಿಗೆ ಮಾತು ಕೊಟ್ಟಿದ್ದಳು. ಮ್ಯಾನೇಜರು ನಾಳೆ ಬೆಳಿಗ್ಗೆ ಬರುತ್ತಾರೆ. ಸೋಫಾ ಇಲ್ಲದಿದ್ದರೆ ಆ ಕೆಲಸವೂ ಇಲ್ಲ, ಗಿರಾಕಿಯ ಮಾಲು ಕಳೆದ ಅಂಗಡಿ ಎಂಬ ಹೆಸರು ಮಾತ್ರ ಉಳಿಯುತ್ತದೆ.

ಇರಲಿ. ಪರದೆಯ ಮೇಲೆ ಕೊಲೆಗಾರ ಬಗ್ಗಿದ. ನೆಲದ ಮೇಲೆ ಬಿದ್ದಿದ್ದ, ಸತ್ತವನ ಕನ್ನಡಕ ಎತ್ತಿಕೊಂಡ. ಕಡ್ಡಿಗಳನ್ನು ನಿಧಾನವಾಗಿ ಮಡಿಸಿ, ಮಂಡಿಗೆ ಎರಡು ಸಲ ಮೆಲ್ಲಗೆ ತಟ್ಟಿ, ಸತ್ತವನ ಜೇಬಿಗೆ ಇಟ್ಟ.

ಅತ್ತಿಗೆಯ ಕುರ್ಚಿ ಗರ್ರನೆ ತಿರುಗಿತು.

"ಇದು ಸಾಧ್ಯಾನಾ? ನೀವೇ ಹೇಳಿ! ಕತ್ತಿಗೆ ಹಗ್ಗ ಬಿಗಿದ ಕೈಯಲ್ಲೇ ಕನ್ನಡಕ ಮಡಿಸ್ತಾನಂತೆ. ಬರೆಯೋರಿಗೆ ತಲೆ ಬೇಡ್ವಾ?"

"ಅದಕ್ಕಿಂತ ಆ ಹೂದಾನಿ ನೋಡಿ," ಎಂದ ಮೈದುನ. "ಹೋದ ವಾರ ವಕೀಲ ಎತ್ತಿ ಒಡೆದುಹಾಕಿದ. ಈ ವಾರ ಮತ್ತೆ ಮೇಜಿನ ಮೇಲೇ ಇದೆ. ಎಷ್ಟು ಹೂದಾನಿ ಇಟ್ಕೊಂಡಿದ್ದಾರೆ ಇವರು?"

"ಹೂದಾನಿ ಹಾಳಾಗಲಿ. ಇವನು ಯಾಕೆ ಕೊಂದ, ಅದು ಹೇಳು. ಆಸ್ತಿಗಾ? ಹೊಟ್ಟೆಕಿಚ್ಚಿಗಾ?"

"ಹೊಟ್ಟೆಕಿಚ್ಚೇ. ಆ ಟೋಪಿ ನೋಡಿದ್ರೇ ಗೊತ್ತಾಗಲ್ವಾ?"

"ಟೋಪಿಗೂ ಹೊಟ್ಟೆಕಿಚ್ಚಿಗೂ ಏನೋ ಸಂಬಂಧ?"

ದಬ್ಬಳದಕ್ಕ ಯಾರ ಪರವೂ ಮಾತಾಡಲಿಲ್ಲ. ಸೀರಿಯಲ್ಲಿನಲ್ಲಿ ತಪ್ಪು ಯಾರದು ಎಂದು ತೀರ್ಪು ಕೊಡುವುದನ್ನು ಅವಳು ಬಿಟ್ಟು ವರ್ಷಗಳಾಗಿದ್ದವು. ಒಮ್ಮೆ ಕೊಟ್ಟು ಕೈ ಸುಟ್ಟುಕೊಂಡಿದ್ದಳು. ಇದೇ ಅಂಗಡಿಯಲ್ಲಿ, ಯಾವುದೋ ಸೀರಿಯಲ್ಲಿನ ಸೊಸೆ ಸತ್ಯ ಮುಚ್ಚಿಟ್ಟದ್ದು ಸರಿಯೋ ತಪ್ಪೋ ಎಂದು ಅವಳಿಗೂ ತಂಗಿಗೂ ಮಾತು ಬೆಳೆಯಿತು. ಸೊಸೆಯಿಂದ ಶುರುವಾದದ್ದು ಇಬ್ಬರ ಬಾಲ್ಯದವರೆಗೂ ಹೋಗಿ ಮುಟ್ಟಿತು. ತಂಗಿ ತನ್ನ ಕತ್ತರಿ ಎತ್ತಿಕೊಂಡು ಹೋದವಳು ಮತ್ತೆ ಈ ಷಟರ್ ಕೆಳಗೆ ತಲೆ ಬಗ್ಗಿಸಲಿಲ್ಲ. ಆ ಸೀರಿಯಲ್ಲಿನ ಸೊಸೆ ಮಾತ್ರ ಮುಂದಿನ ಕಂತಿನಲ್ಲೇ ಅತ್ತೆಯ ಜೊತೆ ರಾಜಿ ಮಾಡಿಕೊಂಡಳು, ಪುಣ್ಯಾತ್ಗಿತ್ತಿ.

ಆದ್ದರಿಂದ ದಬ್ಬಳದಕ್ಕ ಇಂದೂ ಸುಮ್ಮನೆ ಮೂವರ ಮುಖಗಳನ್ನು ನೋಡಿದಳು.

ಅನುಮಾನ ಪಡುವುದಾದರೆ ಮೊದಲು ಮೈದುನನ ಮೇಲೆ. ಸೋಫಾ ಸಾಗಿಸಲು ಟೆಂಪೋ ಬೇಕು, ಟೆಂಪೋ ಇರುವುದು ಅವನಲ್ಲಿ. ಅತ್ತಿಗೆಯಂತೂ ಒಂದು ವಾರದಿಂದ ಅವನನ್ನು ಕಳ್ಳನೆಂದೇ ಕರೆದು ಕಡಲೆಕಾಯಿ ಕೊಡುತ್ತಿದ್ದಳು. ಆದರೆ ಅವನು ಪರದೆಯ ಮೇಲಿನ ಸೋಫಾ ನೋಡಿಯೂ ಹೂದಾನಿಯ ಮಾತಾಡುತ್ತಿದ್ದ. ಕದ್ದವನಿಗೆ ಹೂದಾನಿ ಕಾಣುವುದಿಲ್ಲ.

ಎರಡನೆಯದು ಅತ್ತಿಗೆ. ಅವಳ ಹೊಟ್ಟೆಯಲ್ಲಿ ಒಂದು ಗುಟ್ಟು ಒಂದು ರಾತ್ರಿ ಉಳಿದ ದಾಖಲೆಯಿಲ್ಲ.

ದಬ್ಬಳದಕ್ಕನ ಕಣ್ಣು ಬೆಂಚಿನ ಕಡೆ ಹೊರಳಿತು.

ದಫೇದಾರರು ಇಂದು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಕೂದಲಿಗೆ ಎಣ್ಣೆ ಹಚ್ಚಿ ಬೈತಲೆ ತೆಗೆದಿದ್ದರು. ಅದಕ್ಕಿಂತ ಹೆಚ್ಚಾಗಿ, ಸೀರಿಯಲ್ ಶುರುವಾದಾಗಿನಿಂದ ಅವರು ಒಂದೇ ಒಂದು ತಪ್ಪು ಹುಡುಕಿರಲಿಲ್ಲ. ಬೇರೆ ವಾರಗಳಲ್ಲಿ ಅವರನ್ನು ಸುಮ್ಮನಿರಿಸುವುದೇ ಒಂದು ಕೆಲಸ. ಯಾವ ಠಾಣೆಯಲ್ಲೂ ಇಷ್ಟು ದೀಪ ಇರುವುದಿಲ್ಲ, ಇನ್‌ಸ್ಪೆಕ್ಟರಿಗೆ ಇಷ್ಟು ಬಿಗಿ ಪ್ಯಾಂಟು ಇದ್ದರೆ ಓಡುವುದು ಹೇಗೆ, ಶವದ ಹತ್ತಿರ ಇಷ್ಟು ಜನರನ್ನು ಬಿಟ್ಟವರು ಯಾರು ಎಂದು ಪಟ್ಟಾಗಿ ಕೂತು ಬಯ್ಯುತ್ತಿದ್ದ ಮನುಷ್ಯ ಇಂದು ಪರೀಕ್ಷೆಯ ಫಲಿತಾಂಶ ಕೇಳುವವರಂತೆ ಪರದೆ ನೋಡುತ್ತಿದ್ದರು.

"ದಫೇದಾರ್ರೇ, ನೀವೇ ಹೇಳಿ," ಎಂದಳು ಅತ್ತಿಗೆ. "ಇಷ್ಟು ವರ್ಷ ಕೊಲೆಗಾರರನ್ನ ನೋಡಿದೋರು. ಯಾರಾದರೂ ಹೀಗೆ ಕನ್ನಡಕ ಮಡಿಸಿಡ್ತಾರಾ?"

"ಮಡಿಸ್ತಾನೆ," ಎಂದರು ದಫೇದಾರರು. ದನಿ ಮೆತ್ತಗಿತ್ತು. "ಅವನಿಗೆ ಆ ಮನುಷ್ಯನ ಮೇಲೆ ಕೋಪ ಇರಲಿಲ್ಲ. ಜೊತೇಲಿ ಬೆಳೆದವರು. ಕೊಂದ ಮೇಲೆ ಅವನಿಗೆ ಮೊದಲು ಕಂಡಿದ್ದು ಗೆಳೆಯನ ಕನ್ನಡಕ ನೆಲದಲ್ಲಿ ಬಿದ್ದಿದೆ ಅಂತ. ಅಭ್ಯಾಸ ಬಲ. ಎತ್ತಿಟ್ಟ."

ಅತ್ತಿಗೆ ಕುರ್ಚಿ ತಿರುಗಿಸುವುದನ್ನೇ ಮರೆತಳು. ಮಾತು ಅಷ್ಟು ಚೆನ್ನಾಗಿತ್ತು.

"ಜೊತೇಲಿ ಬೆಳೆದವರು ಅಂತ ಯಾರು ಹೇಳಿದ್ದು?" ಎಂದು ಮೈದುನ ಕೇಳಿದ. "ಸೀರಿಯಲ್ಲಿನಲ್ಲಿ ಇನ್ನೂ ಬಂದೇ ಇಲ್ವಲ್ಲ?"

"ಊಹೆ," ಎಂದು ದಫೇದಾರರು ಕೆಮ್ಮಿದರು. ತಮ್ಮ ಕನ್ನಡಕ ತೆಗೆದು, ಒರೆಸಿ, ಮಡಿಸಿ, ಮಂಡಿಗೆ ತಟ್ಟಿ ಜೇಬಿಗಿಟ್ಟರು. ನಂತರ ಟೀವಿ ಮಸುಕಾಗಿ ಕಂಡಿತೆಂದು ಮತ್ತೆ ತೆಗೆದು ಹಾಕಿಕೊಂಡರು.

ಅಷ್ಟರಲ್ಲಿ ಜಾಹೀರಾತು ಬಂತು. ಬಟ್ಟೆ ಒಗೆಯುವ ಪುಡಿಯನ್ನು ಯಾರೋ ಹಾಡಿಕೊಂಡು ಹೊಗಳತೊಡಗಿದರು. ದಬ್ಬಳದಕ್ಕ ಹೋಗಿ ದನಿ ತಗ್ಗಿಸಿದಳು. ಷಟರ್‌ಗೆ ಬೆನ್ನು ಕೊಟ್ಟು ನಿಂತಳು. ಹೊರಗೆ ಹೋಗಬೇಕೆಂದರೆ ಈಗ ಅವಳನ್ನು ದಾಟಿಯೇ ಹೋಗಬೇಕು.

"ನನಗೊಂದು ಅನುಮಾನ," ಎಂದಳು.

ಮೂವರೂ ತಿರುಗಿದರು. ದಬ್ಬಳದಕ್ಕ ಸೀರಿಯಲ್ಲಿನ ಬಗ್ಗೆ ಬಾಯಿ ಬಿಡುತ್ತಾಳೆಂದರೆ ಸುದ್ದಿಯೇ.

"ಕತ್ತಿಗೆ ಬಿಗಿದ ಆ ಹಗ್ಗ ಎಲ್ಲಿಟ್ಟ? ಇನ್‌ಸ್ಪೆಕ್ಟರ್ ಬಂದು ಇಡೀ ಮನೆ ಹುಡುಕಿದ್ರೂ ಸಿಗಬಾರದಲ್ಲ. ನಾನಾಗಿದ್ರೆ ಏನು ಮಾಡ್ತಿದ್ದೆ ಗೊತ್ತಾ? ಆ ನಡುವಿನ ಕುಶನ್ ಇದೆಯಲ್ಲ, ಅದರ ಹಿಂದಿನ ಜಿಪ್ ಎಳೆದು, ಒಳಗೆ ತುರುಕಿ, ಜಿಪ್ ಮುಚ್ಚಿ ಹೋಗ್ತಿದ್ದೆ. ಒಂದು ನಿಮಿಷದ ಕೆಲಸ."

"ಅಯ್ಯೋ ಹೌದಲ್ವಾ!" ಅತ್ತಿಗೆ ಕುರ್ಚಿಯಲ್ಲೇ ಪುಟಿದಳು. "ಅದಕ್ಕೇ ಅಲ್ಲಿ ಯಾರನ್ನೂ ಕೂರಿಸಿಲ್ಲ!"

"ಬರೋಬ್ಬರಿ!" ಎಂದ ಮೈದುನ. "ಅಲ್ಲೇ ಇದೆ ಹಗ್ಗ!"

ದಫೇದಾರರಿಗೆ ತಡೆಯಲಾಗಲಿಲ್ಲ. ಯಾರಾದರೂ ತನಿಖೆಯಲ್ಲಿ ತಪ್ಪು ದಾರಿ ಹಿಡಿದರೆ ಅವರಿಗೆ ಯಾವತ್ತೂ ತಡೆದದ್ದಿಲ್ಲ.

"ಏನು ಮಾತಾಡ್ತೀರಿ! ಜಿಪ್ ಎಲ್ಲಿದೆ ಅದಕ್ಕೆ? ಹಿಂದುಗಡೆ ಕೆಂಪು ದಾರದಲ್ಲಿ ಕಚ್ಚಾ ಹೊಲಿಗೆ ಹಾಕಿದೆ. ಬಿಚ್ಚಿ ಮತ್ತೆ ಹೊಲಿಯೋಕೆ ಕೊಲೆಗಾರ ಏನು ದರ್ಜೀನಾ?"

ಹೇಳಿ ಮುಗಿಸಿದ ಮೇಲೆ ಅವರಿಗೇ ಕೇಳಿಸಿತು. ಕಡಲೆಕಾಯಿ ಹಿಡಿದು ಬಾಯಿಗೆ ಹೋಗುತ್ತಿದ್ದ ಕೈ ಅರ್ಧಕ್ಕೆ ನಿಂತಿತು.

"ಕೆಂಪು ದಾರ," ಎಂದಳು ದಬ್ಬಳದಕ್ಕ. "ಹಿಂದುಗಡೆ. ಟೀವಿಯಲ್ಲಿ ಆ ಕುಶನ್ನಿನ ಬೆನ್ನು ಎಲ್ಲಿ ಕಾಣಿಸ್ತು ದಫೇದಾರ್ರೇ?"

ದಫೇದಾರರು ಕಡಲೆಕಾಯಿಯನ್ನು ಜೇಬಿಗೆ ಹಾಕಿಕೊಂಡರು.

"ಆ ಹೊಲಿಗೆ ಹಾಕಿದೋಳು ನಾನು. ನೋಡಿದೋಳೂ ನಾನೊಬ್ಬಳೇ. ಇನ್ನೊಬ್ಬರು ನೋಡಿರಬೇಕು ಅಂದ್ರೆ ಆ ಸೋಫಾ ಎತ್ತಿರಬೇಕು."

ಅತ್ತಿಗೆ ಒಮ್ಮೆ ಟೀವಿ ನೋಡಿದಳು, ಒಮ್ಮೆ ದಬ್ಬಳದಕ್ಕನನ್ನು ನೋಡಿದಳು, ಕೊನೆಗೆ ದಫೇದಾರರನ್ನು ನೋಡಿದಳು. "ಅದು... ಅದು ನಮ್ಮ ಸೋಫಾನಾ?" ಎಂದವಳೇ ಕುರ್ಚಿಯನ್ನು ಎರಡು ಸುತ್ತು ತಿರುಗಿಸಿಬಿಟ್ಟಳು. ಇಳಿಯುವಾಗ ತಲೆ ತಿರುಗಿ ಮೈದುನನ ಮೇಲೆ ಬಿದ್ದಳು.

"ಒಂದು ವಾರದಿಂದ ನನ್ನ ಕಳ್ಳ ಕಳ್ಳ ಅಂತಿದ್ರಲ್ಲ!" ಎಂದು ಮೈದುನ ಅವಳನ್ನು ಎತ್ತಿ ನಿಲ್ಲಿಸುತ್ತಲೇ ಕೂಗಿದ. "ಈಗ ಹೇಳಿ!"

"ಕಳ್ಳನ ಹಾಗೆ ಕಾಣ್ತೀಯ, ನಾನೇನು ಮಾಡಲಿ?"

"ಕದ್ದಿಲ್ಲ!" ದಫೇದಾರರು ಎದ್ದು ನಿಂತರು. ಅಭ್ಯಾಸಬಲದಿಂದ ಸಾವಧಾನ್ ಭಂಗಿಯಲ್ಲೇ ನಿಂತರು. "ಜನ್ಮದಲ್ಲಿ ಒಂದು ಗುಂಡುಸೂಜಿ ಕದ್ದವನಲ್ಲ ನಾನು. ಕಡ ಕೊಟ್ಟೆ."

"ನನ್ನ ಸೋಫಾನ, ನನ್ನನ್ನ ಕೇಳದೆ, ಕಡ?"

"ಎರಡೇ ದಿನ ಅಂದ್ರು."

"ಯಾರು?"

ದಫೇದಾರರು ಪರದೆಯ ಕಡೆ ಗಲ್ಲ ಎತ್ತಿ ತೋರಿಸಿದರು.

ಆಮೇಲೆ ಕಥೆ ಹೊರಗೆ ಬಂತು. ಸೀರಿಯಲ್ಲಿನ ಪೇದೆ ಲಾಠಿ ಹಿಡಿಯುವ ರೀತಿ ನೋಡಲಾರದೆ ದಫೇದಾರರು ಸೀರಿಯಲ್ಲಿನವರಿಗೆ ಫೋನು ಮಾಡಿ ಬಯ್ದಿದ್ದರು. ಒಂದು ಸಲವಲ್ಲ, ವಾರವಾರವೂ ಬಯ್ದಿದ್ದರು. ಕೊನೆಗೆ ಅಲ್ಲಿನ ಡೈರೆಕ್ಟರು ಬೇಸತ್ತು, ನೀವೇ ಬಂದು ತೋರಿಸಿಕೊಡಿ ಮಹರಾಯರೇ ಎಂದರಂತೆ. ಹೋದರು. ಲಾಠಿ ಹಿಡಿಯುವುದು ತೋರಿಸಿದರು, ಸಲಾಮು ಹೊಡೆಯುವುದು ತೋರಿಸಿದರು. ಅಲ್ಲಿ ಯಾರೋ ಶ್ರೀಮಂತನ ಮನೆಗೆ ಒಪ್ಪುವ ಹಳೇ ಕಾಲದ ಸೋಫಾಕ್ಕಾಗಿ ತಲೆ ಕೆಡಿಸಿಕೊಂಡಿದ್ದರು. ದಫೇದಾರರ ಬಾಯಿ ಸುಮ್ಮನಿರಲಿಲ್ಲ.

"ಅವತ್ತು ನೀನು ಸ್ಪಂಜು ತರೋಕೆ ಹೋದೆ. ಅವರ ವ್ಯಾನು ಬಂತು. ನಾನೇ ಬೀಗ ತೆಗೆದೆ. ಎರಡು ದಿನದಲ್ಲಿ ತಂದಿಡ್ತಾರಲ್ಲ, ನಿನಗೆ ಆಮೇಲೆ ಹೇಳೋಣ ಅಂದ್ಕೊಂಡೆ. ಸಂಜೆ ನೀನು ಅಳ್ತಾ ಕೂತಿದ್ದು ನೋಡಿದೆ. ಆಗಲೇ ಹೇಳಬೇಕಾಗಿತ್ತು. ಬಾಯಿ ಬರಲಿಲ್ಲ."

"ಯಾಕೆ ಬರಲಿಲ್ಲ?"

ದಫೇದಾರರು ನೆಲ ನೋಡಿದರು. ಕಿವಿ ಕೆಂಪಾಗಿತ್ತು. "ಅವರು ನನಗೂ ಒಂದು ಪಾತ್ರ ಕೊಟ್ರು."

ಸಿಟ್ಟಿನಲ್ಲಿದ್ದ ದಬ್ಬಳದಕ್ಕನಿಗೆ ಆ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಈ ಮನುಷ್ಯನಿಗೆ ಹೊಡೆಯಬೇಕೋ ಕೈ ಕುಲುಕಬೇಕೋ ಗೊತ್ತಾಗದೆ ಅವಳು ಸುತ್ತಿಗೆಯನ್ನು ಕೆಳಗಿಟ್ಟಳು.

"ಪಾತ್ರ? ನಿಮಗೆ? ಯಾವ ಪಾತ್ರ?" ಎಂದಳು ಅತ್ತಿಗೆ.

"ಏನಿಲ್ಲ. ಸಣ್ಣದು. ಮುಖವೂ ಕಾಣಲ್ಲ ಅಂದ್ರು." ದಫೇದಾರರು ಬೇಗಬೇಗ ಹೇಳಿದರು. "ಬಾಗಿಲ ಹತ್ತಿರ ಪೇದೆ ನಿಲ್ಲಲ್ವಾ, ಆ ಥರ. ಮನೆಯವಳಿಗೂ ಹೇಳಿಲ್ಲ, ನೀವೂ ಹೇಳಬೇಡಿ."

"ಯಾವ ಸೀನು? ನಾವು ನೋಡಿದ್ವಾ? ಮೊದಲೇ ಹೇಳಿದ್ರೆ ಚಪ್ಪಾಳೆ ಹೊಡೀತಿದ್ವಲ್ಲ!" ಮೈದುನ ಆಗಲೇ ಚಪ್ಪಾಳೆ ಶುರುಮಾಡಿದ್ದ. ಅತ್ತಿಗೆಯೂ ಹೊಡೆದಳು. ನಮ್ಮ ಬೀದಿಯಿಂದ ಟೀವಿಗೆ ಹೋದ ಮೊದಲ ಮನುಷ್ಯ ಎಂದಳು. ಸೋಫಾ ಮೊದಲು ಹೋಯಿತು, ದಫೇದಾರರು ಎರಡನೆಯವರು ಎಂದು ಮೈದುನ ತಿದ್ದಿದ. ನಗು ತಡೆಯಲಾಗದೆ ದಬ್ಬಳದಕ್ಕನೂ ನಕ್ಕಳು. ಒಂದು ವಾರದಿಂದ ನಗದೆ ಬಿಗಿದುಕೊಂಡಿದ್ದ ದವಡೆ ನೋಯತೊಡಗಿತು.

"ಸರಿ," ಎಂದಳು ಕಣ್ಣೊರೆಸಿಕೊಂಡು. "ಚಪ್ಪಾಳೆ ಆಯ್ತು. ಈಗ ಸೋಫಾ ಎಲ್ಲಿದೆ?"

ದಫೇದಾರರ ಮುಖ ಮತ್ತೆ ಬಾಡಿತು.

"ಸೆಟ್ಟಿನಲ್ಲೇ ಇದೆ. ಇವತ್ತು ಬೆಳಿಗ್ಗೆ ಕೂಡ ಹೋಗಿ ಕಣ್ಣಾರೆ ನೋಡ್ಕೊಂಡು ಬಂದೆ. ಕಾಲಿಗೆ ಬೀಳೋದೊಂದು ಬಾಕಿ. ಕೊಡಲ್ಲ ಅಂತಾರೆ. ಕೊಲೆ ಆಗಿದ್ದು ಅದರ ಮೇಲಂತೆ. ಕೊಲೆಗಾರ ಸಿಕ್ಕಿಬೀಳೋ ತನಕ ಅದು ಬೇಕಂತೆ."

"ಕೊಲೆಗಾರ ಯಾವಾಗ ಸಿಕ್ಕಿಬೀಳ್ತಾನೆ?"

"ಜನ ಹೀಗೇ ನೋಡ್ತಿದ್ರೆ, ವರ್ಷ ಆದರೂ ಸಿಕ್ಕಿಬೀಳಲ್ಲ."

ಮ್ಯಾನೇಜರು ನಾಳೆ ಬೆಳಿಗ್ಗೆ ಬರುತ್ತಾರೆ. ದಬ್ಬಳದಕ್ಕ ತುರುಬಿನಿಂದ ದಬ್ಬಳ ಎಳೆದು ಮತ್ತೆ ಬಿಗಿಯಾಗಿ ಸಿಕ್ಕಿಸಿಕೊಂಡಳು. ಅವಳು ಹಾಗೆ ಮಾಡಿದರೆ ಏನೋ ನಿರ್ಧಾರವಾಯಿತೆಂದು ಅರ್ಥ.

"ಟೆಂಪೋ ತೆಗಿಯೋ," ಎಂದಳು ಮೈದುನನಿಗೆ. "ಈಗಲೇ ಹೋಗೋಣ. ಕೊಲೆಗಾರನ್ನ ನಾವೇ ಹಿಡಿದುಕೊಟ್ಟು ಸೋಫಾ ಬಿಡಿಸ್ಕೊಂಡು ಬರೋಣ."

"ಸೀರಿಯಲ್ ಮುಗಿಲಿ ಕಣೇ!" ಅತ್ತಿಗೆ ಬೇಡಿಕೊಂಡಳು. "ಇವತ್ತು ಕೊನೇಲಿ ಮುಖ ತೋರಿಸ್ತಾರಂತೆ."

"ಇವತ್ತೇ?" ಎಂದರು ದಫೇದಾರರು. ಅವರು ಬೆಂಚಿನ ಮೇಲೆ ಧೊಪ್ಪನೆ ಕೂತದ್ದನ್ನು ಯಾರೂ ಗಮನಿಸಲಿಲ್ಲ, ಏಕೆಂದರೆ ಅದೇ ಹೊತ್ತಿಗೆ ದಬ್ಬಳದಕ್ಕನ ಫೋನು ಬಡಿದುಕೊಂಡಿತು.

ಥಿಯೇಟರಿನ ಮ್ಯಾನೇಜರು.

ಫೋನನ್ನು ಕಿವಿಗೆ ಒತ್ತಿಕೊಂಡು ಮೂಲೆಗೆ ಹೋದಳು.

"ನಾಳೆ ನಾನು ಬರ್ತಿಲ್ಲಮ್ಮ, ಅದನ್ನ ಹೇಳೋಣ ಅಂತ ಮಾಡಿದೆ," ಎಂದರು ಮ್ಯಾನೇಜರು.

ಮುಗಿಯಿತು ಎಂದುಕೊಂಡಳು. ಅವರೂ ಟೀವಿ ನೋಡುತ್ತಿರಬೇಕು, ಸೋಫಾ ಗುರುತು ಹಿಡಿದಿರಬೇಕು. "ಸಾರ್, ನಾನು ವಿವರವಾಗಿ ಹೇಳ್ತೀನಿ..."

"ಹೇಳೋದೇನಿದೆ? ಸೋಫಾ ಬಂತಲ್ಲ. ಈಗ ತಾನೇ ಇಳಿಸಿದ್ರು, ನನ್ನೆದುರಿಗೇ ಇದೆ. ನಾನು ಬಂದು ನೋಡೋದೇನು ಉಳೀತು? ಬಹಳ ಚೆನ್ನಾಗಿ ಬಂದಿದೆ. ಮೂರು ಕುಶನ್ನೂ ಒಂದೇ ಸಮ ಹೊಳೀತಿವೆ. ಕುರ್ಚಿಗಳ ಕೆಲಸ ನಿಮ್ಮದೇ ಅಂತ ತಿಳ್ಕೊಳ್ಳಿ."

ಇವತ್ತು ಬೆಳಿಗ್ಗೆ ದಫೇದಾರರು ಸೆಟ್ಟಿನಲ್ಲಿ ಕಣ್ಣಾರೆ ಕಂಡ ಸೋಫಾ ಥಿಯೇಟರಿನಲ್ಲಿ ಹೇಗಿದೆ? ಮೂರು ಕುಶನ್ ಒಂದೇ ಸಮ ಹೊಳೆಯುವುದಾದರೂ ಹೇಗೆ?

"ಸಾರ್, ಒಂದು ಉಪಕಾರ. ನಡುವಿನ ಕುಶನ್ ತಿರುಗಿಸಿ ಹಿಂದಿನ ಹೊಲಿಗೆ ನೋಡ್ತೀರಾ?"

ಆಚೆ ಕಡೆ ಸರಸರ ಸದ್ದು. "ಹೂಂ. ಹಸಿರು ದಾರ. ನೀಟಾಗಿದೆ."

ಕೆಂಪು ದಾರ ಹೋಗಿದೆ. ಯಾರೋ ಬಿಚ್ಚಿದ್ದಾರೆ, ತಿರುಗಿಸಿದ್ದಾರೆ, ಮತ್ತೆ ಹೊಲಿದಿದ್ದಾರೆ.

"ದಾರದ ಕೊನೇಲಿ ಗಂಟು ಇದೆಯಾ? ಎರಡು ಸುತ್ತಿನದು?"

"ಇದೆ."

"ಯಾವ ಕಡೆ ವಾಲಿದೆ?"

"ಇದೇನಮ್ಮ ಪೊಲೀಸರ ಥರ ಕೇಳ್ತೀರಿ? ಬಲಕ್ಕೆ."

ಆ ಎರಡು ಸುತ್ತಿನ ಗಂಟು ದಬ್ಬಳದಕ್ಕ ತಾನೇ ಕಂಡುಹಿಡಿದದ್ದು. ಎಡಗೈಯವಳಾದ್ದರಿಂದ ಅವಳ ಗಂಟು ಯಾವಾಗಲೂ ಎಡಕ್ಕೆ ವಾಲುತ್ತದೆ. ಅದನ್ನು ಅವಳು ಜೀವನದಲ್ಲಿ ಒಬ್ಬಳಿಗೇ ಕಲಿಸಿದ್ದಳು. ಕಲಿತವಳದು ಬಲಗೈ.

"ಸಾರ್," ಎಂದಳು. "ಸೋಫಾ ತಂದೋರು ಯಾರು?"

"ನಿಮ್ಮ ಕಡೆಯವರೇ ಅಲ್ವಾ? ಹಾಗಂದ್ರು. ಇಲ್ಲೇ ನಿಂತಿದ್ದಾರೆ, ಆಫೀಸಿನ ಟೀವಿಯಲ್ಲಿ ಅದ್ಯಾವುದೋ ಸೀರಿಯಲ್ ನೋಡ್ಕೊಂಡು. ತಗೊಳ್ಳಿ, ಕೊಡ್ತೀನಿ."

ಫೋನು ಕೈ ಬದಲಾಯಿತು. ಆಚೆ ಕಡೆಯ ಟೀವಿಯಲ್ಲೂ ಅದೇ ಬಟ್ಟೆ ಒಗೆಯುವ ಪುಡಿಯ ಹಾಡು ಮತ್ತೊಮ್ಮೆ ಬಂದು ಮುಗಿಯುತ್ತಿತ್ತು.

"ಅಕ್ಕಾ."

ಇಷ್ಟು ವರ್ಷ ಆ ದನಿ ಕೇಳಿದರೆ ಏನು ಹೇಳಬೇಕೆಂದು ದಬ್ಬಳದಕ್ಕ ಎಷ್ಟೋ ಮಾತು ಜೋಡಿಸಿಟ್ಟಿದ್ದಳು. ಒಂದೂ ನೆನಪಿಗೆ ಬರಲಿಲ್ಲ. ಮೊಳೆಗಳಿಲ್ಲದೆಯೂ ಬಾಯಿ ತುಂಬಿತ್ತು.

"ನಡುವಿನ ಕುಶನ್ ಉಲ್ಟಾ ಹೊಲಿದಿದ್ದೀಯ," ಎಂದಳು ತಂಗಿ. "ಸೀರಿಯಲ್ ನೋಡ್ತಾ ಕತ್ತರಿ ಹಿಡೀಬೇಡ ಅಂತ ಎಷ್ಟು ಸಲ ಬಯ್ದಿದ್ದೆ ನಿನಗೆ?"

"ಎಲ್ಲಿದ್ಯೇ ನೀನು?" ದಬ್ಬಳದಕ್ಕ ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು.

"ಇದೇ ಸೀರಿಯಲ್ಲಿನ ಸೆಟ್ಟಿನಲ್ಲಿ. ಅಲ್ಲಿನ ಕುರ್ಚಿ, ಸೋಫಾ ಎಲ್ಲ ನನ್ನ ಕೈಯದೇ. ಒಡೆಯೋದು, ಹರಿಯೋದು ಏನೇ ಇದ್ದರೂ ಎರಡೆರಡು ಮಾಡಿಸ್ತಾರೆ. ಈ ಸೋಫಾನ ಮುಂದಿನ ವಾರ ಚಾಕು ಹಾಕಿ ಹರೀತಾರೆ ಅಂದ್ರು. ಹೊಲಿಗೆ ನೋಡಿದೆ, ನಿನ್ನ ಗಂಟು ಎಡಕ್ಕೆ ವಾಲಿತ್ತು. ನಿನ್ನ ಕೆಲಸ ಹರಿಯೋಕೆ ಬಿಡ್ತೀನಾ? ಅಲ್ಲಿ ನಕಲು ಮಾಡಿಟ್ಟು ಅಸಲಿ ಇಲ್ಲಿಗೆ ತಂದೆ. ಸೀಟಿನ ಅಡಿಯಲ್ಲಿ ಥಿಯೇಟರಿನ ಮುದ್ರೆ ಇತ್ತಲ್ಲ. ಇಲ್ಲಿನ ಕುರ್ಚಿ ನಾವಿಬ್ಬರೂ ಹೊಲಿಯೋದು ಅಂತ ಮಾತಾಗಿತ್ತು, ಮರೆತ್ಯಾ?"

"ಮರೆತಿಲ್ಲ ಕಣೇ. ಬಾ. ಈಗಲೇ ಬಾ."

"ಬರ್ತೀನಿ. ಆದರೆ ಒಂದು ಮಾತು ಹೇಳಿಬಿಡ್ತೀನಿ, ಇಲ್ಲಾಂದ್ರೆ ಹೊಟ್ಟೆ ಒಡೆದುಹೋಗತ್ತೆ. ಯಾರಿಗೂ ಹೇಳಬಾರದು ಅಂತ ಆಣೆ ಹಾಕಿಸ್ಕೊಂಡಿದ್ದಾರೆ. ಆ ಟೋಪಿಯವನು ಯಾರು ಅಂತ ನಂಗೊತ್ತು, ಅವನು ನನ್ನ ನೋಡಿಲ್ಲ. ನೀನೂ ದಿನಾ ನೋಡೋ ಮುಖಾನೇ."

ಹಿಂದೆ ಅತ್ತಿಗೆ ಟೀವಿಯ ದನಿ ಏರಿಸಿದಳು. ಸೀರಿಯಲ್ ಮತ್ತೆ ಶುರುವಾಗಿತ್ತು. ಕೊಲೆಗಾರನ ಗವಸಿನ ಕೈ ಟೋಪಿಯ ಅಂಚಿಗೆ ಬಂದಿತ್ತು.

"ಬಂತು, ಬಂತು, ಮುಖ ಬಂತು!" ಎಂದು ಮೈದುನ ಕೂಗಿದ.

ದಬ್ಬಳದಕ್ಕ ತಿರುಗಿ ನೋಡಿದಳು. ಬೆಂಚಿನ ಮೇಲೆ ದಫೇದಾರರು ಕಣ್ಣು ಮುಚ್ಚಿಕೊಂಡು ಕೂತಿದ್ದರು. ಕನ್ನಡಕ ತೆಗೆದರು. ಕಡ್ಡಿಗಳನ್ನು ನಿಧಾನವಾಗಿ ಮಡಿಸಿದರು. ಮಂಡಿಗೆ ಎರಡು ಸಲ ಮೆಲ್ಲಗೆ ತಟ್ಟಿದರು.

ಅರ್ಧ ಎಳೆದ ಷಟರ್ ಕೆಳಗಿಂದ ಅದೇ ಹೊತ್ತಿಗೆ ಅವರ ಹೆಂಡತಿ ತಲೆ ತೂರಿಸಿದರು. "ನಮ್ಮ ಮನೆ ಟೀವಿ ಕೆಟ್ಟೋಯ್ತು ಕಣಮ್ಮ. ಕೊಲೆಗಾರ ಯಾರು ಅಂತ ತೋರಿಸಿಬಿಟ್ರಾ?"